ಸದಾಶಿವ ಪೇಠೆಯ ಪಿಎಸ್‌ಐ ಕ್ಲಾಸು: ಪಂಚನಾಮೆಗೆ ಪೂರ್ಣ ಅಂಕ, ಮರಾಠಿಗೆ ಅರ್ಧ

ಮಹಾರಾಷ್ಟ್ರದ ಗಡಿಯ ಅಕ್ಕಲಕೋಟೆ, ಜತ್ ಕಡೆಯ ಕನ್ನಡ ಶಾಲೆಗಳಲ್ಲಿ ಓದಿ ಪುಣೆಗೆ ಬರುವವರಲ್ಲಿ ಹಲವರು, ಪತ್ತೇದಾರರಾಗಲು ಬೇರೆಯೇ ಪರೀಕ್ಷೆ ಇದೆ ಎಂದುಕೊಂಡಿರುತ್ತಾರೆ. ಇಲ್ಲ. ಪದವಿ ಮುಗಿಸಿ ಎಂಪಿಎಸ್‌ಸಿ (ಮಹಾರಾಷ್ಟ್ರ ಲೋಕಸೇವಾ ಆಯೋಗ) ಮೂಲಕ ಪಿಎಸ್‌ಐ, ಅಂದರೆ ಪೊಲೀಸ್ ಸಬ್ ಇನ್ಸ್‌ಪೆಕ್ಟರ್ ಆಗಬೇಕು, ನಾಸಿಕ್ ಪೊಲೀಸ್ ಅಕಾಡೆಮಿಯಲ್ಲಿ ತರಬೇತಿ ಪಡೆಯಬೇಕು, ಠಾಣೆಯಲ್ಲಿ ತನಿಖೆ ಮಾಡಿ ಕೈ ಪಳಗಬೇಕು. ಕ್ರೈಂ ಬ್ರಾಂಚ್ ಆಮೇಲಿನ ಮಾತು. ಸದಾಶಿವ ಪೇಠೆಯ ಈ ಕೋಚಿಂಗ್ ಕ್ಲಾಸಿನವರು ಇದನ್ನು ಮೊದಲ ದಿನವೇ ಹೇಳಿಬಿಡುತ್ತಾರೆ, ಅದು ಮೆಚ್ಚಬೇಕಾದದ್ದು.

ಕೊಟ್ಟ ಹಣ ಸಾರ್ಥಕ ಅನಿಸುವುದು ಭಾನುವಾರದ ಪ್ರಾಯೋಗಿಕದಲ್ಲಿ. ಒಂದು ಕೋಣೆಯನ್ನೇ ಕಳ್ಳತನದ ಜಾಗವಾಗಿ ಮಾಡಿಟ್ಟಿರುತ್ತಾರೆ. ಗಾಜಿನ ಲೋಟದ ಬೆರಳಚ್ಚಿಗೆ ಕುಂಚದ ತುದಿಯಲ್ಲಿ ಅಂಟುವಷ್ಟೇ ಪುಡಿ ಸಾಕು. ಹೆಚ್ಚಾದರೆ ಗೆರೆಗಳ ನಡುವಿನ ಸಂದು ತುಂಬಿ ಬರೀ ಮಸಿ ಉಳಿಯುತ್ತದೆ. ಗೆರೆ ಕಂಡೊಡನೆ ಅದು ಹರಿದ ದಿಕ್ಕಿಗೇ ಕುಂಚ ಆಡಿಸಬೇಕು. ಮೊದಲು ಫೋಟೋ, ಆಮೇಲೆ ಟೇಪು, ಏಕೆಂದರೆ ಟೇಪು ಎತ್ತುವಾಗ ಅಚ್ಚು ಕೆಟ್ಟರೆ ಕೈಯಲ್ಲಿ ಉಳಿಯುವುದು ಫೋಟೋ ಒಂದೇ. ಟೇಪನ್ನು ಒಂದು ಅಂಚಿನಿಂದ ಒತ್ತುತ್ತ ಬರಬೇಕು. ಗಾಳಿಗುಳ್ಳೆ ಕೂತಲ್ಲಿ ಗೆರೆ ಏಳುವುದಿಲ್ಲ. ಒದ್ದೆ ಮೇಲ್ಮೈಗೆ ಈ ಪುಡಿ ಹಾಕಲೇಬಾರದು. ರಕ್ತ ಹತ್ತಿದ ಬಟ್ಟೆಯನ್ನು ನೆರಳಲ್ಲಿ ಒಣಗಿಸಿ ಕಾಗದದ ಲಕೋಟೆಗೆ ಹಾಕಿಸುತ್ತಾರೆ. ಪ್ಲಾಸ್ಟಿಕ್ ಚೀಲದಲ್ಲಿ ಬೂಸಲು ಹಿಡಿದು ಡಿಎನ್‌ಎ ಕೆಡುತ್ತದೆ. ಜಪ್ತಿಯನ್ನು ಮೊದಲಿನಿಂದ ಕೊನೆಯವರೆಗೆ ಮೊಬೈಲಿನಲ್ಲಿ ಚಿತ್ರೀಕರಿಸುವ ಅಭ್ಯಾಸವೂ ಇದೆ. ಹಳೆಯ ಸಿಆರ್‌ಪಿಸಿಯ ಬದಲಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ ಈಗ ಅದನ್ನೇ ಕೇಳುತ್ತದೆ.

ಅಚ್ಚು ಹಾಕಿದ ನೋಟ್ಸು ಮಾತ್ರ ಹಿಂದೆಯೇ ಉಳಿದಿದೆ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕೊಲೆಗೆ 103ನೇ ಕಲಂ, ವಂಚನೆಗೆ 318. ಇವರ ಪುಟಗಳಲ್ಲಿ ಇನ್ನೂ ಹಳೆಯ ದಂಡ ಸಂಹಿತೆಯ 302, 420. ಪೆನ್ನು ಹಿಡಿದು ತಿದ್ದಿಕೊಳ್ಳದೆ ಓದಬೇಡಿ.

ನಮ್ಮವರಿಗೆ ದೊಡ್ಡ ತೊಡಕು ಮರಾಠಿ ಪತ್ರಿಕೆ. ಕನ್ನಡದಲ್ಲಿ ಚಾಕು, ಚೂರಿ, ಆಯುಧ ಎಲ್ಲವೂ 'ಅದು'. ಮರಾಠಿಯಲ್ಲಿ 'ತೋ ಚಾಕೂ', 'ತೀ ಸುರೀ', 'ತೇ ಹತ್ಯಾರ್'. ಲಿಂಗ ತಪ್ಪಿದರೆ ವಿಶೇಷಣ, ಕ್ರಿಯಾಪದ ಎರಡೂ ತಪ್ಪುತ್ತವೆ, ಪಂಚನಾಮೆಯ ವಾಕ್ಯವೇ ಕುಂಟುತ್ತದೆ. ಮನೆಯಲ್ಲಿ ಮರಾಠಿ ಆಡುವವರಿಗೆ ಇದು ತಾನಾಗಿ ಬರುತ್ತದೆ ಎಂದುಕೊಂಡು ಕ್ಲಾಸಿನವರು ವ್ಯಾಕರಣವನ್ನು ಓಡಿಸಿಬಿಡುತ್ತಾರೆ. ಗಡಿಯ ಮಕ್ಕಳಿಗೆ ಅದು ಅನ್ಯಾಯ. ಪ್ರತಿ ನಾಮಪದವನ್ನೂ 'ತೋ, ತೀ, ತೇ' ಸೇರಿಸಿಯೇ ಬರೆದು ಕಲಿಯಿರಿ.

ಮೈದಾನದ ತರಬೇತಿ ಸಾಧಾರಣ. ದೈಹಿಕ ಪರೀಕ್ಷೆಯ ಗುಂಡೆಸೆತದಲ್ಲಿ ಗಂಡುಮಕ್ಕಳ 7.26 ಕಿಲೋ ಗುಂಡನ್ನು ಅಂಗೈಯಲ್ಲಿ ಕೂರಿಸದೆ ಬೆರಳ ಬುಡದಲ್ಲಿ ಹಿಡಿಯಬೇಕು ಎಂದು ಹೇಳಿಕೊಡುವವರೇ ಅಲ್ಲಿಲ್ಲ.

ದುಡ್ಡು ಕಟ್ಟುವ ಮುನ್ನ ಒಂದು ಭಾನುವಾರ ಕೂತು ನೋಡಲು ಬಿಡುತ್ತಾರೆ, ಕೇಳಿ.