ವರ್ಕ್ ಎಬಿಲಿಟಿ ಇಂಡೆಕ್ಸ್: ದೀರ್ಘಕಾಲದ ನೋವಿರುವವರಿಗೆ ಎಷ್ಟು ಉಪಯುಕ್ತ?

ಫಿನ್ಲೆಂಡಿನ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಸಂಶೋಧಕರು 1980ರ ದಶಕದಲ್ಲಿ ರೂಪಿಸಿದ ವರ್ಕ್ ಎಬಿಲಿಟಿ ಇಂಡೆಕ್ಸ್ ಎಂಬ ಪ್ರಶ್ನಾವಳಿ ಇಂದು ಅನೇಕ ದೇಶಗಳಲ್ಲಿ ಬಳಕೆಯಲ್ಲಿದೆ. ವಯಸ್ಸಾಗುತ್ತಿರುವ ನೌಕರರ ದುಡಿಯುವ ಶಕ್ತಿ ಹೇಗೆ ಬದಲಾಗುತ್ತದೆ ಎಂಬ ಅಧ್ಯಯನದಿಂದ ಹುಟ್ಟಿದ ಈ ಸಾಧನವನ್ನು ಈಗ ಬೆನ್ನು, ಕುತ್ತಿಗೆ, ಕೀಲುಗಳ ನೋವು ಮೂರು ತಿಂಗಳು ಮೀರಿಯೂ ಬಿಡದೆ ಕಾಡುವವರ ಮುಂದೆಯೂ ಇಡಲಾಗುತ್ತಿದೆ. ಆ ಕೆಲಸಕ್ಕೆ ಅದು ಎಷ್ಟು ಒಗ್ಗುತ್ತದೆ ಎಂಬುದಷ್ಟೇ ಈ ವಿಮರ್ಶೆಯ ವಿಷಯ.

ಪ್ರಶ್ನಾವಳಿಯಲ್ಲಿ ಏಳು ಅಂಶಗಳಿವೆ; ತುಂಬಲು ಹೆಚ್ಚು ಹೊತ್ತು ಬೇಕಿಲ್ಲ. ಒಟ್ಟು ಅಂಕ 7ರಿಂದ 49ರವರೆಗೆ ಬರಬಹುದು. 27ರವರೆಗೆ ಬಂದರೆ ಸಾಮರ್ಥ್ಯ ಕಳಪೆ, 28ರಿಂದ 36 ಸಾಧಾರಣ, 37ರಿಂದ 43 ಉತ್ತಮ, ಅದಕ್ಕೂ ಮೇಲೆ ಅತ್ಯುತ್ತಮ.

ಇದರಲ್ಲಿ ನನಗೆ ತುಂಬ ಹಿಡಿಸಿದ್ದು ಎರಡನೆಯ ಅಂಶ. ಕೆಲಸದ ದೈಹಿಕ ಬೇಡಿಕೆಯನ್ನೂ ಮಾನಸಿಕ ಬೇಡಿಕೆಯನ್ನೂ ಬೇರೆಬೇರೆಯಾಗಿ ಕೇಳಿ, ಮೈಮುರಿದು ದುಡಿಯುವವರಿಗೆ ದೈಹಿಕ ಉತ್ತರವನ್ನು ಒಂದೂವರೆ ಪಟ್ಟು, ಮಾನಸಿಕ ಉತ್ತರವನ್ನು ಅರ್ಧ ಪಟ್ಟು ಎಣಿಸುತ್ತಾರೆ. ತಲೆಗೆ ಕೆಲಸ ಕೊಡುವವರಿಗೆ ಇದು ತಿರುಗುಮುರುಗಾಗುತ್ತದೆ. ಒಂದೇ ಬಗೆಯ ಬೆನ್ನುನೋವು ಮೂಟೆ ಹೊರುವವರನ್ನು ಮನೆಯಲ್ಲಿ ಕೂರಿಸಬಹುದು, ಲೆಕ್ಕಪತ್ರ ನೋಡುವವರನ್ನು ಬರೀ ಗಂಟೆಗೊಮ್ಮೆ ಎದ್ದು ಓಡಾಡುವಂತೆ ಮಾಡಬಹುದು. ಸಾಮರ್ಥ್ಯವನ್ನು ದೇಹದಲ್ಲಿ ಮಾತ್ರ ಹುಡುಕದೆ ದೇಹಕ್ಕೂ ಕೆಲಸಕ್ಕೂ ಇರುವ ಹೊಂದಾಣಿಕೆಯಲ್ಲಿ ಹುಡುಕಿರುವುದು ಇದರ ದೊಡ್ಡ ಗುಣ.

ತೊಡಕು ಇರುವುದು ಮೂರನೆಯ ಮತ್ತು ಐದನೆಯ ಅಂಶಗಳಲ್ಲಿ. ಮೂರನೆಯದರಲ್ಲಿ ಕಾಯಿಲೆಗಳ ಪಟ್ಟಿಯೊಂದಿದ್ದು, ಪ್ರತಿ ಕಾಯಿಲೆಯ ಎದುರು ‘ನನ್ನ ಅಭಿಪ್ರಾಯ’, ‘ವೈದ್ಯರ ರೋಗನಿರ್ಣಯ’ ಎಂಬ ಎರಡು ಕಲಂಗಳಿರುತ್ತವೆ. ಅಂಕಕ್ಕೆ ಲೆಕ್ಕವಾಗುವುದು ಎರಡನೆಯ ಕಲಂ ಮಾತ್ರ. ಐದನೆಯದು ಹಿಂದಿನ ಒಂದು ವರ್ಷದಲ್ಲಿ ಪಡೆದ ಅನಾರೋಗ್ಯ ರಜೆಯ ದಿನಗಳನ್ನು ಕೇಳುತ್ತದೆ. ಸ್ಕ್ಯಾನಿಂಗ್‌ನಲ್ಲಿ ಏನೂ ಕಾಣದೆ, ವೈದ್ಯರಿಂದ ವೈದ್ಯರಿಗೆ ಅಲೆಯುತ್ತಾ, ಕೆಲಸ ಹೋದೀತೆಂಬ ಹೆದರಿಕೆಗೆ ಒಂದು ದಿನವೂ ರಜೆ ಹಾಕದ ವ್ಯಕ್ತಿಯೊಬ್ಬರನ್ನು ಊಹಿಸಿಕೊಳ್ಳಿ. ಏಳು ಅಂಶಗಳಲ್ಲಿ ಅವರಿಗೆ ಕ್ರಮವಾಗಿ 5, 6, 7, 3, 5, 4, 2 ಬಂದರೆ ಒಟ್ಟು 32, ಅಂದರೆ ಸಾಧಾರಣ. ಕೊನೆಗೆ ಒಳ್ಳೆಯ ವೈದ್ಯರೊಬ್ಬರು ಎರಡು ಕಾಯಿಲೆಗಳನ್ನು ಗುರುತಿಸಿದರೆ ಮೂರನೆಯ ಅಂಶದ 7 ಇದ್ದದ್ದು 4ಕ್ಕೆ ಇಳಿದು ಒಟ್ಟು 29 ಆಗುತ್ತದೆ. ಅದೇ ವೈದ್ಯರ ಸಲಹೆಯಂತೆ ಅವರು ಒಂದು ತಿಂಗಳು ರಜೆ ಪಡೆದರೆ ಐದನೆಯ ಅಂಶದ 5 ಇದ್ದದ್ದು 2 ಆಗಿ, ಒಟ್ಟು 26ಕ್ಕೆ, ಅಂದರೆ ಕಳಪೆ ವರ್ಗಕ್ಕೆ, ಜಾರುತ್ತಾರೆ. ನೋವು ಒಂದಿಷ್ಟೂ ಹೆಚ್ಚಿಲ್ಲ. ಸಿಕ್ಕಿದ್ದು ರೋಗದ ಹೆಸರು ಮತ್ತು ವಿಶ್ರಾಂತಿ. ಹಲ್ಲು ಕಚ್ಚಿ ಕೆಲಸಕ್ಕೆ ಹಾಜರಾಗುವವರಿಗೆ ಬಹುಮಾನ, ಚಿಕಿತ್ಸೆಗೆ ಹೋದವರಿಗೆ ದಂಡ ಎಂಬಂತಾಗುವ ಈ ಎಣಿಕೆಯನ್ನು ನಾನು ಸಣ್ಣ ಲೋಪವೆಂದು ಬಿಡಲಾರೆ.

ಮೊದಲ ಅಂಶವೂ ನೋವಿನ ಏರಿಳಿತವನ್ನು ಹಿಡಿಯುವುದಿಲ್ಲ. ಜೀವಮಾನದ ಅತ್ಯುತ್ತಮ ಸಾಮರ್ಥ್ಯಕ್ಕೆ 10 ಅಂಕವಾದರೆ ಈಗಿನದಕ್ಕೆ ಎಷ್ಟು ಎಂದು ಅದು ಕೇಳುತ್ತದೆ. ಬೆಳಿಗ್ಗೆ ಮೂರು, ಮಧ್ಯಾಹ್ನ ಆರು, ಕೆಲಸ ಮುಗಿಸಿ ಮನೆಗೆ ಬಂದ ಮೇಲೆ ಒಂದು ಎನ್ನುವವರು ಯಾವುದನ್ನು ಬರೆಯಬೇಕು? ನಾಲ್ಕನೆಯ ಅಂಶದಲ್ಲಿ ‘ಕೆಲವೊಮ್ಮೆ ವೇಗ ತಗ್ಗಿಸಬೇಕಾಗುತ್ತದೆ’, ‘ಆಗಾಗ ತಗ್ಗಿಸಬೇಕಾಗುತ್ತದೆ’ ಎಂಬ ಬೇರೆಬೇರೆ ಆಯ್ಕೆಗಳಿರುವುದರಿಂದ ಅಲ್ಲಿ ಉತ್ತರಿಸುವುದು ಸುಲಭ. ಆದರೆ ಹಗಲು ಪೂರ್ತಿ ದುಡಿದದ್ದಕ್ಕೆ ಮರುದಿನ ಮೈ ತೆರುವ ಬೆಲೆ ಏಳರಲ್ಲಿ ಒಂದು ಅಂಶಕ್ಕೂ ನೇರವಾಗಿ ಸಿಗುವುದಿಲ್ಲ.

ಭಾರ ಎತ್ತಿಸಿ, ಮೆಟ್ಟಿಲು ಹತ್ತಿಸಿ, ಡೈನಮೋಮೀಟರಿನಲ್ಲಿ ಮುಷ್ಟಿಯ ಬಲ ಅಳೆಯುವ ಕಾರ್ಯಸಾಮರ್ಥ್ಯ ಪರೀಕ್ಷೆಗಳು ಇದಕ್ಕಿಂತ ವಸ್ತುನಿಷ್ಠವೆಂದು ಹೇಳುವವರಿದ್ದಾರೆ. ಅಲ್ಲಿಯೂ ನೋವಿನ ಭಯ, ಪರೀಕ್ಷಕರ ಮೇಲಿನ ನಂಬಿಕೆ, ಪರಿಹಾರದ ಮೊಕದ್ದಮೆ ಬಾಕಿಯಿರುವ ಒತ್ತಡ ಇವೆಲ್ಲ ಫಲಿತಾಂಶದೊಳಗೆ ಬೆರೆಯುತ್ತವೆ. ಒಂದೇ ದಿನದಲ್ಲಿ ಮುಗಿಯುವ ಪರೀಕ್ಷೆಗೆ ಮರುದಿನದ ನೋವು ಕಾಣುವುದೂ ಇಲ್ಲ. ಎರಡು ದಿನಗಳಿಗೆ ಹಂಚಿ ನಡೆಸುವವರು ಈ ಕೊರತೆಯನ್ನು ಅಷ್ಟಿಷ್ಟು ನೀಗಿಸುತ್ತಾರೆ.

ಆದ್ದರಿಂದ ಔದ್ಯೋಗಿಕ ವೈದ್ಯರ ಮುಂದೆ ಮಾತು ಆರಂಭಿಸಲು ಈ ಪ್ರಶ್ನಾವಳಿಯನ್ನು ನಾನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ಒಟ್ಟು ಅಂಕವೊಂದನ್ನೇ ಆಧಾರವಾಗಿಟ್ಟುಕೊಂಡು ಉದ್ಯೋಗ ಅಥವಾ ಪಿಂಚಣಿಯನ್ನು ತೀರ್ಮಾನಿಸುವುದಕ್ಕೆ ಖಂಡಿತ ಮಾಡುವುದಿಲ್ಲ. ಫಲಿತಾಂಶ ಕೈಗೆ ಬಂದಾಗ ಒಟ್ಟು ಅಂಕವನ್ನು ಬದಿಗಿಟ್ಟು ಏಳೂ ಅಂಶಗಳನ್ನು ಬಿಡಿಬಿಡಿಯಾಗಿ ನೋಡಬೇಕೆಂದು ಕೇಳುವುದು ಒಳ್ಳೆಯದು. ಅದರಲ್ಲೂ ಎರಡು ವರ್ಷಗಳ ನಂತರ ಇದೇ ಕೆಲಸ ಮಾಡಬಲ್ಲಿರಾ ಎಂದು ಕೇಳುವ ಆರನೆಯ ಅಂಶಕ್ಕೆ ‘ಖಚಿತವಿಲ್ಲ’ ಎಂಬ ಉತ್ತರ ಬಂದಿದ್ದರೆ, ಯಾವ ಬದಲಾವಣೆಯಾದರೆ ಅದು ಖಚಿತವಾದೀತು ಎಂದು ವೈದ್ಯರು ಅಲ್ಲಿಯೇ ವಿಚಾರಿಸಬೇಕು: ಕುರ್ಚಿಯೇ, ಪಾಳಿಯೇ, ನಡುನಡುವೆ ಬಿಡುವೇ, ಅಥವಾ ಬೇರೆ ಹುದ್ದೆಯೇ.