ಡಯಲ್ ಇರೋ ಟೈಲರಿಂಗ್ ಬೊಂಬೆ: ದಪ್ಪ ಮೈಗೆ ವಿಂಟೇಜ್ ಡ್ರೆಸ್ ಹೊಲಿಯೋರಿಗೆ ಉಪಯೋಗ ಇದ್ಯಾ?

ಡಯಲ್ ತಿರುಗಿಸಿ ಎದೆ, ಸೊಂಟ, ಹಿಪ್ ಅಳತೆ ಹಿಗ್ಗಿಸೋ ಈ ಬೊಂಬೆ ತಗೋಬೇಕಾ ಬೇಡ್ವಾ ಅಂತ ಯೋಚನೆ ಮಾಡ್ತಿರೋರಿಗೆ ಮೊದ್ಲೇ ಹೇಳ್ಬಿಡ್ತೀನಿ, ತಗೊಳ್ಳಿ, ಆದ್ರೆ ನಿಮ್ಮ ಅಳತೆಗಿಂತ ಚಿಕ್ಕ ಸೈಜೇ ತಗೊಳ್ಳಿ, ಡಯಲ್ ಮೇಲೆ ಮಾತ್ರ ಜಾಸ್ತಿ ನಂಬಿಕೆ ಇಡ್ಬೇಡಿ. ನಾನು ಕೆಲವು ವರ್ಷದಿಂದ ಬಳಸ್ತಿದೀನಿ, ಹೊಲಿಯೋದೆಲ್ಲಾ ಹೆಚ್ಚುಕಮ್ಮಿ 1940-50ರ ಸ್ಟೈಲು, ಅಂದ್ರೆ ಮೇಲೆ ಮೈಗೆ ಅಂಟಿದಂಗೆ ಕೂತು ಸೊಂಟದಿಂದ ಕೆಳಗೆ ಘೇರು ಬಿಡೋ ಡ್ರೆಸ್ಸುಗಳು. ನನ್ನ ಎದೆ 45 ಇಂಚು, ಸೊಂಟ 39, ಹಿಪ್ 48. ರೆಡಿಮೇಡಲ್ಲಿ ಈ ಸ್ಟೈಲ್ ನಮ್ಮ ಸೈಜಿಗೆ ಸಿಕ್ರೂ ಎದೆಗೆ ಸರಿ ಆದ್ರೆ ಭುಜ ಜಾರುತ್ತೆ, ಭುಜಕ್ಕೆ ಸರಿ ಆದ್ರೆ ಗುಂಡಿ ಬಾಯಿ ಬಿಡುತ್ತೆ, ಅದಕ್ಕೇ ಹೊಲಿಯೋಕೆ ಕೂತಿದ್ದು.

ಡಯಲ್ ತಿರುಗಿಸಿದ್ರೆ ಟೇಪಲ್ಲಿ 45 ಬರುತ್ತೆ, ಅದ್ರಲ್ಲಿ ಸುಳ್ಳಿಲ್ಲ. ಆದ್ರೆ ಆ 45 ಎಲ್ಲಿಂದ ಬಂತು ಅಂತ ನೋಡ್ಬೇಕು. ಬೊಂಬೆ ಸುತ್ತ ಸಮನಾಗಿ ಬಿಚ್ಕೊಳ್ಳುತ್ತೆ, ಎದೆ ಅಗಲ ಆದಷ್ಟೇ ಬೆನ್ನೂ ಅಗಲ ಆಗುತ್ತೆ, ಭುಜಾನೂ ಆಚೆ ಹೋಗ್ಬಿಡುತ್ತೆ. ಮನುಷ್ಯರು ಹಂಗೆ ದಪ್ಪ ಆಗಲ್ಲ, ತೂಕ ಏರಿದ್ರೆ ಭುಜದ ಮೂಳೆ ಅಗಲ ಆಗಲ್ವಲ್ಲ! ಎದೆ ಮುಂದಕ್ಕೆ ಬರುತ್ತೆ, ಹೊಟ್ಟೆ ಮುಂದಕ್ಕೆ ಬರುತ್ತೆ, ಬೆನ್ನು ಅಷ್ಟೊಂದು ಬದಲಾಗಲ್ಲ. ಜೊತೆಗೆ ಕೊನೇವರೆಗೂ ತಿರುಗಿಸಿದ್ರೆ ಪ್ಯಾನೆಲ್‌ಗಳ ಮಧ್ಯ ದೊಡ್ಡ ಸಂದಿ ಬೀಳುತ್ತೆ, ಸರಿಯಾಗಿ ಪಿನ್ ಚುಚ್ಬೇಕಾದ ಕಡೆನೇ ಖಾಲಿ. ಸೆಂಟರ್ ಫ್ರಂಟಲ್ಲಿ ಗುಂಡಿ ಪಟ್ಟಿ ಕೂರಿಸೋವಾಗ ಇದು ತಲೆ ತಿನ್ನುತ್ತೆ.

ಹಂಗಾಗಿ ಈಗ ನಾನು ನನ್ನ ಭುಜ ಮತ್ತೆ ಬೆನ್ನಿನ ಅಳತೆ ನೋಡ್ಕೊಂಡು ಡಯಲ್‌ನ ಕಮ್ಮೀಲಿ ನಿಲ್ಲಿಸಿ, ಮಿಕ್ಕಿದ್ದನ್ನ ಪ್ಯಾಡಿಂಗಲ್ಲಿ ತುಂಬಿಸಿದೀನಿ. ನನ್ನದೇ ಬ್ರಾ ಹಾಕಿ ಕಪ್ ಒಳಗೆ ವ್ಯಾಡಿಂಗ್ (ಹತ್ತಿಯಂಥ ಮೆತ್ತನೆ ಹಾಳೆ), ಹೊಟ್ಟೆಗೆ ಪದರ ಪದರವಾಗಿ, ಒಂದರ ಮೇಲೊಂದು ಪದರ ಸ್ವಲ್ಪ ಚಿಕ್ಕದು, ಅಂಚು ಕಿತ್ತು ತೆಳ್ಳಗೆ ಮಾಡಿರ್ಬೇಕು, ಇಲ್ಲಾಂದ್ರೆ ಮೆಟ್ಟಿಲು ಕಾಣುತ್ತೆ. ಮೇಲೆ ಟೈಟಾಗಿ ಹೊಸೆರಿ ಬಟ್ಟೆ ಕವರ್. ಇದ್ರಲ್ಲಿ ಮುಖ್ಯ ಏನಂದ್ರೆ ಸುತ್ತಳತೆ ಒಂದೇ ನೋಡಿದ್ರೆ ಸಾಲ್ದು, ಒಂದು ಸೈಡ್ ಹೊಲಿಗೆಯಿಂದ ಇನ್ನೊಂದು ಸೈಡ್ ಹೊಲಿಗೆವರೆಗೆ ಮುಂದೆ ಎಷ್ಟು, ಹಿಂದೆ ಎಷ್ಟು ಅಂತ ಬೇರೆಬೇರೆ ಅಳೀಬೇಕು, ಭುಜದಿಂದ ಎದೆ ತುದಿಗೆ ಎಷ್ಟು ಅಂತಾನೂ. ಇಷ್ಟು ಮಾಡಿದ್ಮೇಲೆ ಬೊಂಬೆ ನೋಡೋಕೆ ಚೆನ್ನಾಗಿರಲ್ಲ, ಆದ್ರೆ ಕೆಲಸಕ್ಕೆ ಬರುತ್ತೆ.

ಬ್ರಾ ವಿಷಯ ವಿಂಟೇಜ್ ಹೊಲಿಯೋರಿಗೆ ಇನ್ನೂ ಮುಖ್ಯ. 1950ರ ಪ್ಯಾಟರ್ನಲ್ಲಿ (ಬಟ್ಟೆ ಕತ್ತರಿಸೋಕೆ ಇಟ್ಕೊಳ್ಳೋ ಪೇಪರ್ ಅಚ್ಚು) ಎದೆ ಮೇಲಕ್ಕೆ ಎತ್ತಿ ಚೂಪಾಗಿ ನಿಲ್ಲಿಸೋ ಬ್ರಾ ಲೆಕ್ಕಕ್ಕೆ ಡಾರ್ಟ್, ಅಂದ್ರೆ ಮೈ ಆಕಾರ ಬರೋಕೆ ಬಟ್ಟೆ ಮಡಚಿ ಹೊಲಿಯೋ ಚೂಪು ಮಡಿಕೆ, ಇಟ್ಟಿರ್ತಾರೆ, ಈಗಿನ ಮೆತ್ತನೆ ಬ್ರಾ ಮೇಲೆ ಹಾಕಿದ್ರೆ ಡಾರ್ಟ್ ತುದಿ ಎದೆಗಿಂತ ಮೇಲೆ ಖಾಲಿ ಜಾಗದಲ್ಲಿ ನಿಲ್ಲುತ್ತೆ. ಡ್ರೆಸ್ ಜೊತೆ ಯಾವುದನ್ನ ಹಾಕ್ಕೋತೀರೋ ಅದನ್ನೇ ಬೊಂಬೆಗೂ ಹಾಕಿ. ಇನ್ನು ಆ ಸಣ್ಣ ಸೊಂಟದ ವಿಷಯ, 1947ರಲ್ಲಿ ಕ್ರಿಶ್ಚಿಯನ್ ಡಿಯೋರ್ ಅವರ ನ್ಯೂ ಲುಕ್ ಬಂದಾಗಿನಿಂದ ಎಲ್ಲರೂ ಅದರ ಹಿಂದೆ ಬಿದ್ರು, ಆದ್ರೆ ಆ ಡ್ರೆಸ್ಸಿನ ಒಳಗೆ ಸೊಂಟ ಬಿಗಿಯೋ ಕಾರ್ಸೆಟ್ಟೂ ಇತ್ತು, ಹಿಪ್‌ಗೆ ಪ್ಯಾಡೂ ಇತ್ತು. ನಮಗೆ ಹಿಪ್ ಪ್ಯಾಡ್ ದೇವರೇ ಕೊಟ್ಟಿದಾನೆ, ಅರ್ಧ ಕೆಲಸ ಉಳೀತು.

ಹಳೇ ಪ್ಯಾಟರ್ನ್ ತಗೊಳ್ಳೋರು ಸೈಜ್ ನಂಬರ್ ನೋಡ್ಲೇಬೇಡಿ. 1950ರ ಶುರುವಿನ ಕವರ್ ಮೇಲೆ 16 ಅಂತಿದ್ರೆ ಎದೆ ಬರೀ 34 ಇಂಚು, ಈಗಿನ ದೊಡ್ಡ ಪ್ಯಾಟರ್ನ್ ಕಂಪನಿಗಳ ಚಾರ್ಟಲ್ಲಿ 34 ಇಂಚು ಅಂದ್ರೆ 12. ಹುಡುಕಿದ್ರೆ 18½, 20½ ಅಂತ ಅರ್ಧ ಸೈಜ್ ಪ್ಯಾಟರ್ನ್ ಸಿಗ್ತವೆ, ಅವು ಎತ್ತರ ಕಮ್ಮಿ ಇದ್ದು ಮೈ ತುಂಬಿಕೊಂಡಿರೋರಿಗೆ ಅಂತಾನೇ ಮಾಡಿದ್ದು, ಸಿಕ್ರೆ ಬಿಡ್ಬೇಡಿ. ನಾನು ಸೈಜ್ ಆರಿಸೋದು ಕಂಕುಳ ಕೆಳಗೆ, ಎದೆಗಿಂತ ಮೇಲೆ ಬರೋ ಸುತ್ತಳತೆ ನೋಡಿ. ನಂದು ಅಲ್ಲಿ 40. ಹೆಚ್ಚಿನ ಪ್ಯಾಟರ್ನಲ್ಲಿ ಮೇಲಿನ ಸುತ್ತಳತೆಗೂ ಎದೆಗೂ 2 ಇಂಚು ವ್ಯತ್ಯಾಸ ಅಂತ ಲೆಕ್ಕ, ಅಂದ್ರೆ ಎದೆ 42 ಅಂತಿರೋ ಸೈಜ್ ತಗೊಂಡ್ರೆ ಭುಜ ಕುತ್ತಿಗೆ ಎಲ್ಲ ಸರಿ ಕೂರುತ್ತೆ, ಎದೆಗೆ ಮಾತ್ರ 3 ಇಂಚು ಕಮ್ಮಿ ಬೀಳುತ್ತೆ, ಅದನ್ನ ಮುಂಭಾಗದ ಪೇಪರ್ ಕತ್ತರಿಸಿ ಒಂದೊಂದು ಕಡೆ ಒಂದೂವರೆ ಇಂಚು ಅಗಲಿಸ್ಬೇಕು. ಅಗಲಿಸಿದ್ರೆ ಡಾರ್ಟ್ ದೊಡ್ಡದಾಗುತ್ತೆ, ಒಂದೇ ದಪ್ಪ ಡಾರ್ಟ್ ತುದೀಲಿ ಮೊನೆ ಏಳುತ್ತೆ, ಅದಕ್ಕೆ ಎರಡು ಮಾಡ್ತೀನಿ. 1940ರ ಸ್ಟೈಲಾದ್ರೆ ಇನ್ನೂ ಸುಲಭ, ಭುಜದ ಯೋಕ್ (ಭುಜದ ಮೇಲೆ ಬರೋ ಬೇರೆ ತುಂಡು) ಕೆಳಗೆ ನೆರಿಗೆ ಇರುತ್ತಲ್ಲ, ಹೆಚ್ಚಾಗಿದ್ದೆಲ್ಲ ಅಲ್ಲಿಗೆ ಸೇರಿಸ್ಬಿಡಿ, ಯಾರಿಗೂ ಗೊತ್ತಾಗಲ್ಲ. ಈ ನೆರಿಗೆ ಹಂಚೋ ಕೆಲಸ ಬೊಂಬೆ ಮೇಲೆ ಮಾಡೋ ಸುಖ ಟೇಬಲ್ ಮೇಲೆ ಸಿಗಲ್ಲ.

ನನ್ನ ಪ್ರಕಾರ ದುಡ್ಡು ವಸೂಲಾಗೋದು ಸರ್ಕಲ್ ಸ್ಕರ್ಟಿನ ಹೆಮ್‌ನಲ್ಲಿ, ಅಂದ್ರೆ ಕೆಳಗಿನ ಅಂಚು ಮಡಚಿ ಹೊಲಿಯೋದ್ರಲ್ಲಿ. ಕ್ರಾಸ್ ಬಂದಿರೋ ಕಡೆ, ಅಂದ್ರೆ ನೂಲು ಓರೆಯಾಗಿರೋ ಕಡೆ, ಬಟ್ಟೆ ತೂಕಕ್ಕೆ ಇಳಿಯುತ್ತೆ, ರಾತ್ರಿಯಿಡೀ ಬೊಂಬೆ ಮೇಲೆ ನೇತಾಡಕ್ಕೆ ಬಿಟ್ಟು ಆಮೇಲೆ ನೆಲದಿಂದ ಅಳೆದು ಗುರುತು ಹಾಕ್ಬೇಕು. ಹೊಟ್ಟೆ ಇರೋರಿಗೆ ಮುಂದೆ ಸ್ಕರ್ಟ್ ಎತ್ತಿಕೊಳ್ಳುತ್ತೆ, ಸೊಂಟದಿಂದ ಸಮ ಅಳೆದು ಕಟ್ ಮಾಡಿದ್ರೆ ಮುಂದೆ ಗಿಡ್ಡ ಹಿಂದೆ ಉದ್ದ ಆಗುತ್ತೆ. ಹೊಟ್ಟೆ ಪ್ಯಾಡ್ ಮಾಡಿದ ಬೊಂಬೆ ಇದನ್ನ ಮೊದ್ಲೇ ತೋರಿಸ್ಬಿಡುತ್ತೆ.

ಸ್ಟ್ಯಾಂಡ್ ಮಾತ್ರ ದಂಡ. ಪ್ಲಾಸ್ಟಿಕ್ ಕಾಲು, ಘೇರು ಜಾಸ್ತಿ ಇರೋ ಸ್ಕರ್ಟ್ ಹಾಕಿ ಒಂದು ಕಡೆ ಎಳೆದ್ರೆ ವಾಲುತ್ತೆ, ಕಾಲ ಮೇಲೆ ಭಾರ ಇಟ್ಟೇ ಕೆಲಸ ಮಾಡ್ಬೇಕು. ಸೊಂಟದ ಡಯಲ್ ಈಗ ಲೂಸಾಗಿದೆ, ಪ್ಯಾಡ್ ಮಾಡಿದ್ಮೇಲೆ ಅದನ್ನ ಮುಟ್ಟಲ್ಲ ಅನ್ನೋದ್ರಿಂದ ತಲೆ ಕೆಡಿಸ್ಕೊಂಡಿಲ್ಲ.

ಬೊಂಬೆ ಹೇಳದೇ ಇರೋ ಎರಡು ವಿಷಯ ಇದಾವೆ. ಒಂದು ತೋಳು, ಇದಕ್ಕೆ ಕೈಯೇ ಇಲ್ಲ, ಹಳೇ ಪ್ಯಾಟರ್ನ್ ತೋಳು ದಪ್ಪ ರಟ್ಟೆಗೆ ಹಿಡಿಯುತ್ತೆ, ಹಾಗಾಗಿ ಹಳೇ ಕಾಟನ್ ಬಟ್ಟೇಲಿ ಒಂದು ತೋಳು ಕಚ್ಚಾ ಹೊಲಿದು ಹಾಕ್ಕೊಂಡು ಕೈ ಮೇಲೆತ್ತಿ ನೋಡ್ಲೇಬೇಕು. ಇನ್ನೊಂದು, ಬೊಂಬೆ ಕೂರಲ್ಲ. ನಾವು ಕೂತ್ರೆ ಸೊಂಟ ಒಂದೆರಡು ಇಂಚು ಹಿಗ್ಗುತ್ತೆ. ಆ ಕಾಲದ ಡ್ರೆಸ್ಸಲ್ಲಿ ಸ್ಕರ್ಟಿನ ಭಾರ ಹೊರೋಕೆ ಒಳಗಡೆ ಸೊಂಟಕ್ಕೆ ಗಟ್ಟಿ ರಿಬ್ಬನ್ ಪಟ್ಟಿ ಕೊಡ್ತಾರೆ, ಅದು ಒಂಚೂರೂ ಹಿಗ್ಗಲ್ಲ, ಅದರ ಅಳತೆ ಮಾತ್ರ ಬೊಂಬೆ ಮೇಲೆ ತಗೋಬೇಡಿ, ಕುರ್ಚಿ ಮೇಲೆ ಕೂತು ಉಸಿರು ಬಿಟ್ಟು ತಗೊಳ್ಳಿ.