ದಪ್ಪ ಪ್ಯಾಡ್, ಎದೆಯ ಕ್ಲಿಪ್, ಕಂಬಳಿ: ನಾನು ಉಳಿಸಿಕೊಂಡದ್ದು ಕಂಬಳಿಯನ್ನು

ಕಳೆದ ಮಳೆಗಾಲದಲ್ಲಿ ಮಗಳ ಕಾರ್ ಸೀಟಿಗೆಂದು ಎರಡು ವಸ್ತು ಕೊಂಡೆ: ಭುಜದ ಪಟ್ಟಿಗೆ ಸುತ್ತುವ ದಪ್ಪ ಮೆತ್ತನೆಯ ಪ್ಯಾಡ್ ಮತ್ತು ಎರಡು ಪಟ್ಟಿಗಳನ್ನೂ ಎದೆಯ ಮೇಲೆ ಸೇರಿಸಿ ಹಿಡಿಯುವ ಕ್ಲಿಪ್. ಆರುನೂರು ರೂಪಾಯಿ ನೀರಿನಲ್ಲಿ ಹೋಮವಾಯಿತು. ಈಗ ಮಡಿಕೇರಿಯ ಚಳಿಗೆ ನಮ್ಮ ಕಾರಿನಲ್ಲಿರುವುದು ಸೀಟಿನ ಜೊತೆಗೇ ಬಂದ ತೆಳು ಪ್ಯಾಡ್ ಮತ್ತು ಮನೆಯ ಒಂದು ಹಳೆಯ ಕಂಬಳಿ.

ದಪ್ಪ ಪ್ಯಾಡ್ ಹಾಕಿದ ದಿನ, ಪಟ್ಟಿ ಕುತ್ತಿಗೆಗೆ ಉಜ್ಜುತ್ತದೆಂಬ ಮಗಳ ಅಳು ನಿಂತಿತ್ತು, ನನಗೂ ಖುಷಿಯಾಗಿತ್ತು. ಒಂದು ಬೆಳಿಗ್ಗೆ ಸಂಪಾಜೆ ಘಾಟಿ ಇಳಿಯುವ ಮೊದಲು ಅದರ ಮೇಲೆ ಹಾಲು ಚೆಲ್ಲಿತು. ಬಿಗಿದ ಪಟ್ಟಿಯನ್ನು ಸಡಿಲಿಸದೆ ಪ್ಯಾಡನ್ನು ಮಾತ್ರ ಕಿತ್ತೆ. ಪಟ್ಟಿಗೂ ಮಗಳ ಎದೆಗೂ ನಡುವೆ ನನ್ನ ಮೂರು ಬೆರಳು ಒಂದರ ಮೇಲೊಂದು ಹಿಡಿಸುವಷ್ಟು ಜಾಗ! ಅಷ್ಟು ದಿನ ಬಿಗಿ ಎಂದುಕೊಂಡದ್ದು ಮೆತ್ತೆಯ ದಪ್ಪವನ್ನು. ಡಿಕ್ಕಿಯಾದರೆ ಆ ಮೆತ್ತೆ ಅಪ್ಪಚ್ಚಿಯಾಗುತ್ತದೆ, ಮಗು ಅಷ್ಟು ದೂರ ಮುಂದಕ್ಕೆ ನುಗ್ಗಿದ ಮೇಲೆಯೇ ಪಟ್ಟಿ ಹಿಡಿಯುತ್ತದೆ, ತಲೆ ಇನ್ನಷ್ಟು ಮುಂದೆ ಹೋಗುತ್ತದೆ. ದಪ್ಪ ಸ್ವೆಟರಿನ ಮೇಲೆ ಪಟ್ಟಿ ಬಿಗಿದರೂ ಇದೇ ಕಥೆ. ಆ ಮೂರು ಬೆರಳಿನ ಜಾಗ ನೆನೆದರೆ ಇಂದಿಗೂ ಹೊಟ್ಟೆ ತೊಳಸುತ್ತದೆ.

ಈಗ ಪ್ರತಿ ಸಲ ಭುಜದ ಮೂಳೆಯ ಹತ್ತಿರ ಪಟ್ಟಿಯನ್ನು ಎರಡು ಬೆರಳಿನಿಂದ ಚಿವುಟಿ ನೋಡುತ್ತೇನೆ. ಮಡಿಕೆ ಸಿಕ್ಕಿದರೆ ಮತ್ತೆ ಎಳೆಯುತ್ತೇನೆ.

ಕ್ಲಿಪ್ ಕೊಂಡದ್ದು ಅವಳು ತೋಳು ಹೊರಗೆಳೆದುಕೊಳ್ಳುತ್ತಿದ್ದಳೆಂದು. ಅಮೆರಿಕದ ಸೀಟುಗಳಲ್ಲಿ ಕ್ಲಿಪ್ ಸೀಟಿನದೇ ಭಾಗ. ನಮ್ಮದು ಯುರೋಪಿನ ನಿಯಮದ ಸೀಟು, ಬಕಲಿನ ಒಂದು ಗುಂಡಿ ಒತ್ತಿದರೆ ಮಗು ಬಿಡುಗಡೆಯಾಗಬೇಕು. ಅಪಘಾತದಲ್ಲಿ ಯಾರೋ ಅಪರಿಚಿತರು ಮಗುವನ್ನು ಎತ್ತಲು ಬಂದಾಗ ಇನ್ನೊಂದು ಬೀಗ ಬೇಡ. ಪಟ್ಟಿ ಸರಿಯಾಗಿ ಬಿಗಿದ ಮೇಲೆ ತೋಳು ಎಳೆಯುವುದೂ ಬಹುಮಟ್ಟಿಗೆ ನಿಂತಿತು.

ಸೀಟಿನ ಸ್ವಂತ ಪ್ಯಾಡ್ ತೆಳು, ಚೆಂದವೂ ಇಲ್ಲ. ಆದರೆ ಸೀಟನ್ನು ಡಿಕ್ಕಿ ಹೊಡೆಸಿ ಪರೀಕ್ಷಿಸಿದ್ದು ಅದರ ಜೊತೆಗೇ. ಪಟ್ಟಿ ಕುತ್ತಿಗೆಗೆ ಉಜ್ಜದಿರಲು ಕಾಲರಿನ ಹತ್ತಿ ಅಂಗಿ ಸಾಕಾಯಿತು.

ಕಂಬಳಿಯನ್ನು ಪಟ್ಟಿ ಬಿಗಿದ ಮೇಲೆ ಹೊದಿಸುತ್ತೇನೆ, ಪಟ್ಟಿಗೂ ಅವಳ ಮೈಗೂ ನಡುವೆ ದಪ್ಪದ್ದೇನೂ ಇರುವುದಿಲ್ಲ. ಸ್ವೆಟರ್ ಬಿಚ್ಚಿ, ಬಿಗಿದು, ಹೊದಿಸಲು ಎರಡು ನಿಮಿಷ ಹೆಚ್ಚು ಬೇಕು. ವಾರಕ್ಕೆರಡು ಸಲ ಕುಶಾಲನಗರಕ್ಕೆ ಹೋಗುವ ನಮಗೆ ಅದು ರೂಢಿಯಾಗಿದೆ. ಸುಂಟಿಕೊಪ್ಪ ದಾಟುವಷ್ಟರಲ್ಲಿ ಸೆಖೆಯಾಗಿ ಅವಳೇ ಕಂಬಳಿಯನ್ನು ಒದ್ದು ಕೆಳಗೆ ಬೀಳಿಸುತ್ತಾಳೆ. ಪಟ್ಟಿ ಮಾತ್ರ ಕದಲುವುದಿಲ್ಲ.